ಸಣ್ಣ ಕಾರಿಗೆ ಜೀಪಿನ ಗಾಲಿ

ನಮ್ಮ ಅಣ್ಣನಿಗೆ ಬುದ್ಧಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬುದ್ಧಿ ಬೇಕಾದಷ್ಟು ಇತ್ತು, ಆದರೆ ಅದು ಬೇಡವಾದ ಕಡೆಗೇ ಓಡುತ್ತಿತ್ತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಣೆಬೆನ್ನೂರಿನ ನಮ್ಮ ಓಣಿಗೆ ಮೊದಲ ಕಾರು ತಂದವನು ಅವನೇ. ಸೆಕೆಂಡ್ ಹ್ಯಾಂಡ್, ಬಿಳಿ ಬಣ್ಣ, ನೋಡಿದರೆ ಬೆಂಕಿಪೊಟ್ಟಣ. ನಮ್ಮ ಹೊಲ ಇದ್ದದ್ದು ಮೇಡ್ಲೇರಿ ಕಡೆ, ಎರೆಮಣ್ಣಿನ ದಾರಿ. ಚಕ್ಕಡಿಗಳು ಓಡಾಡಿ ಎರಡೂ ಬದಿ ಆಳವಾದ ಜಾಡು, ನಡುವೆ ದಿಬ್ಬ. ಮೊದಲ ಮಳೆಗೇ ಕಾರು ಆ ದಿಬ್ಬದ ಮೇಲೆ ಹೊಟ್ಟೆಯೂರಿ ಕುಳಿತುಬಿಟ್ಟಿತು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಎತ್ತು ಕಟ್ಟಿ ಎಳೆದು ತಂದರು, ಓಣಿಯವರೆಲ್ಲ ನೋಡಿದರು.

ಬೇರೆ ಯಾರಾದರೂ ಆಗಿದ್ದರೆ ಮಳೆಗಾಲ ಮುಗಿಯುವ ತನಕ ಹೊಲಕ್ಕೆ ಸೈಕಲ್ ಮೇಲೆ ಹೋಗುತ್ತಿದ್ದರು. ಅಣ್ಣ ಗುಜರಿ ಅಂಗಡಿಗೆ ಹೋಗಿ ಹಳೆಯ ಜೀಪಿನ ನಾಲ್ಕು ಗಾಲಿ ತಂದ.

ಗ್ಯಾರೇಜಿನ ಮೇಸ್ತ್ರಿ ತಲೆ ಅಲ್ಲಾಡಿಸಿದರಂತೆ. "ಇವು ಇದಕ್ಕ ಕೂಡೂದಿಲ್ಲರಿ."

"ಕೂಡೂದಿಲ್ಲ ಅಂದ್ರ ಕೂಡಸೋಣು," ಎಂದನಂತೆ ಇವನು.

ಬೋಲ್ಟಿನ ತೂತು ಹೊಂದಲಿಲ್ಲ, ನಡುವೆ ತಗಡು ಇಟ್ಟು ವೆಲ್ಡಿಂಗ್ ಮಾಡಿಸಿದ. ಮಡ್‌ಗಾರ್ಡಿಗೆ ಟೈರು ತಾಗಿತು, ಮಡ್‌ಗಾರ್ಡನ್ನೇ ಕತ್ತರಿಸಿದ. ಎಂಟು ದಿನದ ಮೇಲೆ ಕಾರು ಮನೆಗೆ ಬಂದಾಗ ಅದು ಅಪ್ಪನ ಬೂಟು ಹಾಕಿಕೊಂಡ ಕೂಸಿನ ಹಾಗೆ ಕಾಣುತ್ತಿತ್ತು.

"ಅಯ್ಯ ಶಿವನ! ಇದೇನೋ ಇದು, ಮಂದಿ ನಗೂದಿಲ್ಲೇನೋ?" ಎಂದು ಅವ್ವ ಬಾಯಿಯ ಮೇಲೆ ಕೈ ಇಟ್ಟಳು. ಮಂದಿ ಆಗಲೇ ನಗುತ್ತಿದ್ದರು.

ಸ್ಟೇರಿಂಗ್ ಜೋರಾಗಿ ತಿರುಗಿಸಿದರೆ ಟೈರು ತಗಡಿಗೆ ತಿಕ್ಕಿ ಕಿರ್ರೋ ಎನ್ನುತ್ತಿತ್ತು. ಆದ್ದರಿಂದ ನಮ್ಮ ಓಣಿಗೆ ತಿರುಗಲು ಅಣ್ಣ ಇಡೀ ಮಾರ್ಕೆಟ್ ಸುತ್ತು ಹಾಕಿ ನೆಟ್ಟಗೆ ಬರುತ್ತಿದ್ದ. ಗಾಲಿ ದೊಡ್ಡದಾದ ಮೇಲೆ ಅಷ್ಟೇ ದೂರಕ್ಕೆ ಅದು ಉರುಳುವ ಸುತ್ತು ಕಡಿಮೆ ಸಾಕಲ್ಲ, ಮೀಟರು ಹೋದ ದೂರವನ್ನು ಕಡಿಮೆ ತೋರಿಸುತ್ತಿತ್ತು. ಅದನ್ನು ಇವನು ದೊಡ್ಡ ಲಾಭ ಎಂದುಕೊಂಡ. "ನೋಡ್ರಿ, ಮೇಡ್ಲೇರಿ ಎಷ್ಟ್ ಸನೇಕ ಬಂದೈತಿ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಲೆಕ್ಕ ತಿಳಿಸಲು ಹೋದರೆ, "ಕಾರು ನಂದೋ ನಿಂದೋ?" ಎಂದು ಬಾಯಿ ಮುಚ್ಚಿಸುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ನಿಜವಾದ ತೊಂದರೆ ಹತ್ತುವುದರಲ್ಲಿತ್ತು. ಅವ್ವನಿಗೆ ಮೊಣಕಾಲು ನೋವು, ಮೇಲೆ ಸೀರೆ. ಅದಕ್ಕೆ ಅಟ್ಟದ ಉಪ್ಪಿನಕಾಯಿ ಜಾಡಿ ಇಳಿಸುವ ಸ್ಟೂಲು ಕಾರಿನ ಸಾಮಾನಾಯಿತು. ಮೊದಲು ನಾನು ಹತ್ತಿ ಒಳಗೆ ಸರಿಯಬೇಕು, ಆಮೇಲೆ ಅವ್ವ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಬೇಕು. ಅಣ್ಣ ಸ್ಟೂಲು ಎತ್ತಿ ಅವ್ವನ ತೊಡೆಯ ಮೇಲಿಟ್ಟು ಬಾಗಿಲು ಹಾಕಬೇಕು. ಇಳಿಯುವಾಗ ಇದೇ ತಿರುಗುಮುರುಗು.

ಅಷ್ಟರಲ್ಲಿ ನನಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದಿಂದ ಸಂಬಂಧ ಬಂತು. ಹುಡುಗ ನೋಡಲು ಬಂದ ದಿನ ನಾನೇ ಉಪ್ಪಿಟ್ಟು ಮಾಡಿದ್ದೆ. ಬಂದವರೆಲ್ಲ ಭಾರೀ ಚಲೋ ಆಗಿದೆ ಎಂದು ತಿಂದರು. ಹುಡುಗ ಮಾತ್ರ ನನ್ನ ಕಡೆ ನೋಡಿ, "ಉಪ್ಪ ಹಾಕೂದು ಮರತೀರಿ," ಎಂದ. ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಒಂದು ತುತ್ತು ಬಾಯಿಗಿಟ್ಟುಕೊಂಡೆ. ಖರೆ, ಒಂದು ಹರಳು ಉಪ್ಪಿರಲಿಲ್ಲ. ಅಷ್ಟು ಮಂದಿಯಲ್ಲಿ ಒಬ್ಬನೇ ನಿಜ ಹೇಳಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಲೆಯ ಮುಂದೆ ನಿಂತೇ ನನಗೆ ಇವರೇ ಬೇಕು ಅನ್ನಿಸಿಬಿಟ್ಟಿತು.

ಆದರೆ ಆ ಮನೆಯಲ್ಲಿ ಹುಡುಗನ ಅಜ್ಜಿಯ ಮಾತೇ ಕಡೆಯ ಮಾತು. ಅವರು ಹುಡುಗಿಯನ್ನು ತಾವೇ ನೋಡಬೇಕು, ವಯಸ್ಸಾಗಿದೆ, ಬ್ಯಾಡಗಿಗೇ ಕರೆತನ್ನಿ ಎಂದು ಹೇಳಿ ಕಳಿಸಿದರು. ಶಕುನ ಬಹಳ ನೋಡುತ್ತಾರೆ ಎಂಬ ಸುದ್ದಿಯೂ ಬಂತು. ಅದಕ್ಕೂ ಮೊದಲು ಶಕುನದಿಂದಲೇ ನನಗೆ ಎರಡು ಸಂಬಂಧ ಮುರಿದಿದ್ದವು. ಒಬ್ಬರಿಗೆ ಬೆಕ್ಕು ಅಡ್ಡ ಬಂದಿತ್ತು, ಇನ್ನೊಬ್ಬ ಹುಡುಗನ ತಾಯಿಯ ತಲೆಯ ಮೇಲೆ ಹಲ್ಲಿ ಬಿದ್ದಿತ್ತು. ಆ ಇಬ್ಬರು ಹೋದದ್ದಕ್ಕೆ ನನಗೆ ದುಃಖವಿರಲಿಲ್ಲ. ಈ ಸಲ ಹಾಗಲ್ಲ.

ಬಸ್ಸಿಗೆ ಹೋಗೋಣ ಎಂದು ಕಾಲು ಹಿಡಿಯುವುದೊಂದು ಬಾಕಿ. ಅಣ್ಣ ಕೇಳಬೇಕಲ್ಲ! "ಬೀಗರ ಮನಿಗೆ ಕಾರಿನ್ಯಾಗ ಇಳದ್ರ ಗತ್ತ ಬ್ಯಾರೆ," ಎಂದ. ಮೊದಲು ಹಾವೇರಿಗೆ ಹೋಗಿ ಸೋದರಮಾವನನ್ನು ಹತ್ತಿಸಿಕೊಳ್ಳಬೇಕಿತ್ತು. ಅವರ ಮನೆಯಲ್ಲಿ ಚಹಾ ಕುಡಿದು, ಅವ್ವ ಮತ್ತು ನಾನು ಸ್ಟೂಲು ಮೆಟ್ಟಿ ಕಾರು ಹತ್ತಿದೆವು. ಮಾವ ಗಾಲಿ ನೋಡುತ್ತಾ, "ಇದು ಕಾರೋ, ಬಂಡಿಯೋ?" ಎಂದರು. ಅಣ್ಣನಿಗೆ ರೇಗಿತು. ವಾದ ಮಾಡುತ್ತಲೇ ಬಾಗಿಲು ಹಾಕಿದ, ವಾದ ಮಾಡುತ್ತಲೇ ಗಾಡಿ ಬಿಟ್ಟ. ಸ್ಟೂಲು ಹಾವೇರಿಯಲ್ಲೇ ಉಳಿಯಿತು.

ತಿಳಿದದ್ದು ಬ್ಯಾಡಗಿಯಲ್ಲಿ, ಅವರ ಅಂಗಳದಲ್ಲಿ ಕಾರು ನಿಂತ ಮೇಲೆ. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಕಟ್ಟೆಯ ಮುಂದೆ ನಿಂತಿದ್ದರು. ಮಾವ ಧೋತರ ಎತ್ತಿ ಹೇಗೋ ಹಾರಿದರು. ಅವ್ವ ತೊಡೆ ತಡವಿ ನೋಡಿಕೊಂಡಳು.

"ಅವ್ವಾ, ಹಾರಿಬಿಡು," ಎಂದು ಅಣ್ಣ ಪಿಸುಗುಟ್ಟಿದ.

"ಹಾರಾಕ ನಾ ಏನ್ ಕಪ್ಪೀ ಏನೋ, ಹಾಟ್ಯಾ!"

ಎತ್ತಿ ಇಳಿಸುತ್ತೇನೆ ಎಂದ. ಬೀಗರೆದುರು ಎತ್ತಿಸಿಕೊಳ್ಳುವುದಕ್ಕಿಂತ ಇಲ್ಲೇ ಕೂತಿರುತ್ತೇನೆ ಎಂದು ಅವ್ವ ಸೀಟು ಗಟ್ಟಿಯಾಗಿ ಹಿಡಿದಳು. ಅವಳು ಇಳಿಯದೆ ನಾನು ಹೇಗೆ ಇಳಿಯಲಿ? ಹೊರಗೆ ನಿಂತವರಿಗೆ ಇದೇನೂ ಗೊತ್ತಿಲ್ಲ. ಅಜ್ಜಿಯ ಮುಖ ಬಿಗಿಯಿತು.

"ಯಾಕರೀ, ನಮ್ಮ ಅಂಗಳಕ್ಕ ಕಾಲಿಡಾಕ ಮನಸ್ಸಿಲ್ಲೇನ?"

ಆಯಿತು, ಇದೂ ಹೋಯಿತು ಎಂದುಕೊಂಡೆ. ಅಣ್ಣನನ್ನು ಮನಸ್ಸಿನಲ್ಲಿ ಏನೇನು ಬೈದೆನೋ, ಇಲ್ಲಿ ಬರೆಯಲಾಗದು. ಅಷ್ಟರಲ್ಲಿ ಹುಡುಗ ನಮ್ಮನ್ನೊಮ್ಮೆ, ಗಾಲಿಯನ್ನೊಮ್ಮೆ ನೋಡಿದ. ಸರಸರ ಹೋಗಿ ಪಡಸಾಲೆಯಿಂದ ಒಣಮೆಣಸಿನಕಾಯಿಯ ಚೀಲ ಎಳೆದು ತಂದು ಕಾರಿನ ಬಾಗಿಲಿಗೆ ಮೆಟ್ಟಿಲು ಮಾಡಿದ.

"ಅಜ್ಜೀ, ಅವ್ರಿಗೆ ಮನಸ್ಸೈತಿ. ಕಾರ ಎತ್ತರ ಐತಿ, ಅಷ್ಟ."

ಅವ್ವ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲಿಟ್ಟಳು. ಅವಳ ಭಾರಕ್ಕೆ ಕಾಯಿ ಗರಗರ ಮುರಿದು ಘಾಟು ಎದ್ದಿತು ನೋಡಿ! ಮಾವನಿಗೆ ಸೀನು ಹತ್ತಿತು. ನಮ್ಮ ಕಡೆ ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಅಜ್ಜಿ ಬೆರಳು ಮಡಿಚಿ ಎಣಿಸುತ್ತಿದ್ದರು. "ಆರು... ಏಳು... ಎಂಟು. ಜೋಡಿ ಆತು, ಬರ್ರಿ."

ನಾನೂ ಇಳಿದು ನಿಂತೆ. ಅಜ್ಜಿ ಕುಂಕುಮ ತೆಗೆದು ನನ್ನ ಹಣೆಗೆ ಬೆರಳು ತರಬೇಕು, ಆಗ ಹುಡುಗ ಸೀನಿದ. ಒಂದೇ ಒಂದು.

ಬೆರಳು ಅಲ್ಲೇ ನಿಂತಿತು. ಅಂಗಳವೆಲ್ಲ ಎರಡನೆಯದಕ್ಕೆ ಕಾಯಿತು. ಹುಡುಗ ಮೂಗು ತಿಕ್ಕಿದ, ಸೂರ್ಯನನ್ನು ನೋಡಿದ, ಚೀಲದ ಮೇಲೆ ಬಗ್ಗಿ ಉಸಿರೆಳೆದ. ಹುಟ್ಟಿದಾಗಿನಿಂದ ಮೆಣಸಿನಕಾಯಿಯಲ್ಲೇ ಬೆಳೆದ ಮೂಗು, ಇನ್ನೊಂದು ಸೀನು ಬರಲಿಲ್ಲ. ಅಜ್ಜಿಯ ಬೆರಳು ನಿಧಾನವಾಗಿ ಬಟ್ಟಲಿನ ಕಡೆ ಇಳಿಯತೊಡಗಿತು.

ನಾನು ಆ ಬೆರಳಿನಿಂದ ಕಣ್ಣು ಕೀಳದೆ, ಗಂಟಲು ಹರಿಯುವ ಹಾಗೆ "ಆಕ್ಷೀ!" ಎಂದೆ.

ಅಜ್ಜಿ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಹುಡುಗಂದೊಂದು, ಹುಡುಗೀದೊಂದು. ಜೋಡಿ ಆತು," ಎಂದು ಕುಂಕುಮ ಹಚ್ಚಿದರು.

ಮದುವೆಯಾಯಿತು. ವೆಲ್ಡಿಂಗ್ ಬಿರುಕು ಬಿಟ್ಟ ಮೇಲೆ ಅಣ್ಣ ಕಾರಿನ ಮೊದಲಿನ ಗಾಲಿಗಳನ್ನೇ ಹಾಕಿಸಿದ. ಮೇಡ್ಲೇರಿ ಮತ್ತೆ ದೂರ ಹೋಯಿತು ಎಂದು ಬಹಳ ದಿನ ಕೊರಗಿದ. ಸ್ಟೂಲು ಇನ್ನೂ ಹಾವೇರಿಯಲ್ಲೇ ಇದೆ, ಮಾವ ಅದರ ಮೇಲೆ ರೇಡಿಯೋ ಇಟ್ಟುಕೊಂಡಿದ್ದಾರೆ.

ಒಂದು ಮಧ್ಯಾಹ್ನ ಅಜ್ಜಿಯೂ ನಾನೂ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ನನಗೆ ಘಾಟು ಹತ್ತಿ ಮೈಯೆಲ್ಲ ಅಲ್ಲಾಡುವ ಹಾಗೆ ಸೀನು ಬಂತು. ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಇದು ನೋಡು ಖರೇ ಸೀನು. ಕಣ್ಣ ತಾನ ಮುಚ್ಚತಾವು. ಅವತ್ತ ನೀ ಪಿಳಿಪಿಳಿ ಕಣ್ಣ ತಗದು ನನ್ನ ಬೆರಳ ನೋಡಕೋಂತ ಸೀನಿದ್ದಿ."

ನನ್ನ ಮುಖ ಚೀಲದೊಳಗಿನ ಕಾಯಿಯಷ್ಟೇ ಕೆಂಪಾಗಿರಬೇಕು. "ಗೊತ್ತಿದ್ದೂ ಯಾಕ್ ಕುಂಕುಮ ಹಚ್ಚಿದ್ರೀ ಅಜ್ಜಿ?"

"ನನ್ನ ಮೊಮ್ಮಗಗ ಸುಳ್ಳ ಹೇಳಾಕ ಬರೂದಿಲ್ಲ," ಎಂದು ಅಜ್ಜಿ ಮತ್ತೆ ತೊಟ್ಟು ಮುರಿದರು. "ಸಂಸಾರದಾಗ ಒಬ್ರಿಗಾರ ಬರಬೇಕಲ್ಲ."