ಆಸ್ಗರ್ ಮುಗಿಸಿದ ನೆಲ

ನನ್ನ ತಮ್ಮ ಆಸ್ಗರ್ ಆರಂಭಶೂರ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಅರವತ್ತು ವರ್ಷದಿಂದ ಮುಖಕ್ಕೇ ಹೇಳುತ್ತಾ ಬಂದಿದ್ದೇನೆ. ಅವನ ಶೆಡ್ಡಿನಲ್ಲಿರುವ ದೋಣಿಗೆ ಇಪ್ಪತ್ತೆರಡು ವರ್ಷ ವಯಸ್ಸು, ಇನ್ನೂ ಒಂದು ಮಗ್ಗುಲೇ ಇಲ್ಲ. ನನ್ನ ಬೇಲಿಗೆ ಬಣ್ಣ ಬಳಿಯಲು ಬಂದವನು ಗೇಟಿನವರೆಗೆ ಬಳಿದು ಎದ್ದು ಹೋದ. ಅಕಾರ್ಡಿಯನ್ನಿನಲ್ಲಿ ನಾಲ್ಕು ಹಾಡು ಬರುತ್ತವೆ, ನಾಲ್ಕೂ ಅರ್ಧರ್ಧ. "ಲೋ, ನಿನ್ನ ಹೆರೋವಾಗ ಅಮ್ಮ ಮಧ್ಯದಲ್ಲಿ ಕಾಫಿಗೆ ಎದ್ದು ಹೋಗಿದ್ಲೇನೋ" ಎಂದರೆ ಹಲ್ಲು ಬಿಡುತ್ತಾನೆ.

ಅವನು ತಪ್ಪದೆ ಮಾಡಿದ್ದು ಒಂದೇ ಕೆಲಸ. ನಲವತ್ತೊಂದು ವರ್ಷ ನಮ್ಮ ಏರೋ ದ್ವೀಪದ ಫೆರ್ರಿಯಲ್ಲಿ ಹಗ್ಗ ಕಟ್ಟಿದ, ಬಿಚ್ಚಿದ. ವಿಬೇಕೆ ಸಿಕ್ಕಿದ್ದೂ ಅಲ್ಲೇ. ಆಕೆ ಆಚೆ ದಡದ ಸ್ವೆನ್‌ಬೋರ್ಗ್ ಪಟ್ಟಣದವಳು, ಪಿಯಾನೋಗಳ ಶ್ರುತಿ ಸರಿಮಾಡುವವಳು. ಪ್ರತಿ ಮಂಗಳವಾರ ದ್ವೀಪಕ್ಕೆ ಬರುತ್ತಿದ್ದಳು. ಹನ್ನೊಂದು ವರ್ಷ ಇವನು ಅವಳ ಭಾರದ ಚೀಲವನ್ನು ಫೆರ್ರಿಯಿಂದ ಬಸ್ಸಿನವರೆಗೆ ಹೊತ್ತ, ಬಾಯಿ ಮಾತ್ರ ಬಿಡಲಿಲ್ಲ. ನಿವೃತ್ತಿಯ ದಿನ, ಇನ್ನು ಚೀಲ ಹೊರುವ ನೆಪವೂ ಇಲ್ಲವಲ್ಲ ಎಂದು ಗಾಬರಿಯಾಗಿ, ನನ್ನ ಜೊತೆ ಬಾಳ್ತೀಯಾ ಎಂದು ಕೇಳಿಬಿಟ್ಟನಂತೆ.

ಅವನ ಮನೆ ನೋಡಿದ ಮೇಲೆ ಅವಳು ಒಂದು ಷರತ್ತು ಹಾಕಿದಳು.

"ನಿನ್ನ ಮಲಗೋ ಕೋಣೇಲಿರೋ ಆ ಕಂದು ಜಮಖಾನದ ಮೇಲೆ ನಾನು ಕಾಲಿಡಲ್ಲ. ನಮ್ಮಮ್ಮನ ಮನೇಲಿದ್ದ ಹಾಗೆ ಸೋಪಿನ ನೀರು ಕುಡಿದ ಬಿಳೀ ಮರದ ನೆಲ ಬೇಕು. ಜೂನಲ್ಲಿ ಸಾಂಕ್ಟ್ ಹಾನ್ಸ್ ಹಬ್ಬದ ಬೆಂಕಿ ಹಚ್ಚೋ ದಿನ ಬಂದು ನೋಡ್ತೀನಿ. ಮುಗಿದಿದ್ರೆ ಸರಿ, ನಾನೇ ನಿನ್ನ ಮನೆಗೆ ಬರ್ತೀನಿ. ಇಲ್ಲದಿದ್ರೆ ನೀನೇ ಗಂಟುಮೂಟೆ ಕಟ್ಕೊಂಡು ನನ್ನ ಫ್ಲ್ಯಾಟಿಗೆ ಬಾ."

ನೋಡಿ, ಜಾಣೆ! ಅರ್ಧ ಬಿಡುವ ಗಂಡಸನ್ನು ಕಟ್ಟಿಕೊಳ್ಳುವ ಮೊದಲು ಪರೀಕ್ಷೆಗೆ ಕೂರಿಸಿದಳು. ನನ್ನ ಚಿಂತೆ ಮಾತ್ರ ಬೇರೆ. ಇವನ ಮನೆ ನಾವಿಬ್ಬರೂ ಹುಟ್ಟಿದ ಮನೆ. ನಾನಿರುವುದು ಓಣಿಯಾಚೆ, ಎದುರಿಗೆ. ನನ್ನ ಗಂಡ ತೀರಿಕೊಂಡ ಮೇಲೆ ಮೂರು ಗಂಟೆಯ ಕಾಫಿಯನ್ನು ನಾನು ಒಬ್ಬಳೇ ಕುಡಿದ ದಿನವಿಲ್ಲ. ಇವನು ಹೋಗಿಬಿಟ್ಟರೆ ನಾನು ಯಾರನ್ನು ಬೈಯಲಿ?

ಹಾಗಾಗಿ ಮೇ ತಿಂಗಳಿಡೀ ನಾನೇ ಬೆನ್ನು ಹತ್ತಿದೆ. ಜಮಖಾನ ಕಿತ್ತರೆ ಕೆಳಗೆ ಲಿನೋಲಿಯಂ ಹಾಳೆ, ಅದರ ಕೆಳಗೆ ಹಳೆಯ ಪತ್ರಿಕೆಗಳು, ಅದರ ಕೆಳಗೆ ಅಜ್ಜ ಬಳಿದ ಕಂದು ಬಣ್ಣ. ಆಸ್ಗರ್ ಪತ್ರಿಕೆ ಓದುತ್ತಾ ಕೂತ. "ಅಕ್ಕಾ, ಇಲ್ನೋಡು, ಹಂದಿ ರೇಟು ಇಳಿದಿದೆ!" "ಅದು ಯುದ್ಧಕ್ಕಿಂತ ಮುಂಚಿನ ಸುದ್ದಿ ಕಣೋ, ಏಳೋ ಮೇಲೆ!" ಎಂದು ಗದರಿದೆ. ಎದ್ದ. ಮೊಳೆಗಳ ತಲೆಯನ್ನು ಒಂದೊಂದಾಗಿ ಮರದೊಳಕ್ಕೆ ಬಡಿದ, ಬಾಡಿಗೆಗೆ ಯಂತ್ರ ತಂದು ಉಜ್ಜಿದ. ಗೋಡೆಗೆ ಸುಣ್ಣ ಬಳಿದ, ಕಿಟಕಿಯ ಚೌಕಟ್ಟಿಗೂ ಬಣ್ಣ ಹಚ್ಚಿದ. ಕಂದೆಲ್ಲ ಹೋಗಿ, ಕಿಟಕಿಯಿಂದ ಬಾಗಿಲವರೆಗೆ ಒಂದೇ ತುಂಡಿನ ಪೈನ್ ಹಲಗೆಗಳು ಎದ್ದು ಬಂದವು. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾನೇ ಅವನ್ನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಕಣ್ಣು ತುಂಬಿತು.

ಉಳಿದದ್ದು ಕ್ಷಾರದ ನೀರು, ಅದು ಒಣಗಿದ ಮೇಲೆ ಸೋಪು. ಕ್ಷಾರ ಬಳಿಯದಿದ್ದರೆ ಪೈನ್ ವರ್ಷದೊಳಗೆ ಹಳದಿಗೆ ತಿರುಗುತ್ತದೆ. ಬಳಿಯುವುದಕ್ಕೆ ಒಂದೇ ನಿಯಮ: ಎರಡು ಮೂರು ಹಲಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಹೋಗಬೇಕು. ನಡುವೆ ನಿಂತರೆ ಅಲ್ಲೇ ಒಣಗಿ ಅಡ್ಡಗೆರೆ ಬೀಳುತ್ತದೆ. ಆ ಗೆರೆ ತೊಳೆದರೆ ಹೋಗುವುದಲ್ಲ.

ಹಬ್ಬದ ಹಿಂದಿನ ದಿನ ಅವನು ಮೊಣಕಾಲೂರಿ ಬಳಿಯುತ್ತಿದ್ದ. ಕೊನೆಯ ಮೂರು ಹಲಗೆ, ಅದರಲ್ಲೂ ಅರ್ಧ ಮುಗಿದಿತ್ತು. ಗಡಿಯಾರ ಮೂರು ಹೊಡೆಯಿತು. ನಾನು ಕಾಫಿ, ಏಲಕ್ಕಿ ಬನ್ನು ಹಿಡಿದು ಹೋದೆ.

"ಬಾರೋ, ಆರಿಹೋಗುತ್ತೆ."

"ಅಕ್ಕಾ, ಇದೊಂದು ಮುಗಿಸಿ..."

"ಬನ್ನು ಈಗಷ್ಟೇ ಒಲೆಯಿಂದ ತೆಗ್ದಿದ್ದು. ಬಾ ಅಂದೆ."

ನಮ್ಮಲ್ಲಿ ಮೂರು ಗಂಟೆಯ ಕಾಫಿಗೆ ಬೇಡವೆನ್ನುವುದು ಚಾಚಿದ ಕೈ ಕುಲುಕದೆ ಹೋದ ಹಾಗೆ. ಬಂದ, ಕುಡಿದ, ಇನ್ನೊಂದು ಬನ್ನು ತಿಂದ. ವಾಪಸು ಹೋದಾಗ ಕೋಣೆಯ ನಟ್ಟನಡುವೆ ಮೂರು ಹಲಗೆಗೂ ಅಡ್ಡಲಾಗಿ ಕಂದು ಗೆರೆ.

ಅವನು ಬ್ರಷ್ಷು ತೊಳೆದಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಉಜ್ಜುವ ಯಂತ್ರ ಹಿಂದಿರುಗಿ ಹೋಗಿತ್ತು, ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ಅರವತ್ತು ವರ್ಷ ಇವನನ್ನು ಆರಂಭಶೂರ ಎಂದವಳು ನಾನು. ಮೊದಲ ಸಲ ಮುಗಿಸಲು ಹೊರಟವನನ್ನು ಎಬ್ಬಿಸಿದವಳೂ ನಾನೇ. ನನ್ನ ನಾಲಗೆಗೆ ಬೆಂಕಿ ಬೀಳ!

ಮರುದಿನ ಎರಡು ಗಂಟೆಯ ಫೆರ್ರಿಯಲ್ಲಿ ವಿಬೇಕೆ ಬಂದಳು. ಕೈಯಲ್ಲಿ ಒಂದು ಸಣ್ಣ ಚೀಲ ಮಾತ್ರ. ನೋಡಿಕೊಂಡು ಹೋಗಲು ಬಂದವಳ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿ ಗೆರೆಯ ಮುಂದೆ ನಿಂತಳು.

"ಇಲ್ಲಿ ಎದ್ದು ಹೋದ್ಯಾ?"

ಆಸ್ಗರ್ ತಲೆ ತಗ್ಗಿಸಿದ. ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ.

"ಅವನಲ್ಲಮ್ಮಾ," ಎಂದೆ. "ನಾನು ಎಬ್ಬಿಸಿದ್ದು. ಕಾಫಿಗೆ. ಬೇಡ ಅಂದ, ನಾನೇ ಬಿಡಲಿಲ್ಲ."

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. "ಕೊನೇ ಫೆರ್ರಿ ಎಷ್ಟೊತ್ತಿಗೆ?"

"ಏಳಕ್ಕೆ," ಎಂದ ಆಸ್ಗರ್.

"ಹಾಗಾದ್ರೆ ಟೈಮಿದೆ. ನಿನ್ನ ಹಳೇ ಪ್ಯಾಂಟು ಕೊಡು. ಮರ ಉಜ್ಜೋ ಉಪ್ಪುಕಾಗದ ಇದೆಯಾ? ರಾಗ್ನಾ ಅಕ್ಕಾ, ಮೂರನೇ ಹಲಗೆ ನಿಮ್ದು. ಇವತ್ತು ಮೂರು ಗಂಟೆಗೆ ಕಾಫಿ ಇಲ್ಲ."

ಎಪ್ಪತ್ತಮೂರನೇ ವಯಸ್ಸಿನಲ್ಲಿ ನಾನು ನೆಲಕ್ಕೆ ಬಿದ್ದು ಮರ ಉಜ್ಜಿದೆ. ಮೂವರೂ ಸಾಲಾಗಿ, ಕಿಟಕಿಯಿಂದ ಬಾಗಿಲ ಕಡೆಗೆ. ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಸೊಂಟ ಮುರಿಯಿತು, ಆದರೆ ಗೆರೆ ಹೋಯಿತು. ಆರು ದಾಟಿದ ಮೇಲೆ ವಿಬೇಕೆ ಕೈಗವಸು ಹಾಕಿ ಕ್ಷಾರದ ಬಕೆಟ್ಟು ಹಿಡಿದಳು, ಆಸ್ಗರ್ ಬ್ರಷ್ಷು ಹಿಡಿದ. ಅವರು ಕೋಣೆಯ ನಡುವಿಗೆ ಬಂದಾಗ ಬಂದರಿನ ಕಡೆಯಿಂದ ಫೆರ್ರಿಯ ಮೊದಲ ಕೂಗು ಕೇಳಿತು.

ನಲವತ್ತೊಂದು ವರ್ಷ ಆ ಕೂಗಿಗೆ ಹಗ್ಗ ಬಿಚ್ಚಿದವನು ಆಸ್ಗರ್. ಕೈ ನಿಂತಿತು.

"ವಿಬೇಕೆ, ನೀನು ಹೊರಡು. ತಪ್ಪಿಹೋಗುತ್ತೆ. ಉಳಿದದ್ದು ನಾನು ಮುಗಿಸ್ತೀನಿ, ದೇವರಾಣೆ ಮುಗಿಸ್ತೀನಿ."

"ಬ್ರಷ್ ನಿಲ್ಲಿಸಬೇಡ ಕಣೋ, ಒಣಗುತ್ತೆ!" ಎಂದು ಅವಳು ರೇಗಿದಳು. "ಹಲಗೆ ಮಧ್ಯದಲ್ಲಿ ಬಿಟ್ಟು ಎದ್ದು ಹೋಗೋಕೆ ನಾನೇನು ಆಸ್ಗರಾ?"

ಅವನ ಬ್ರಷ್ಷು ಮತ್ತೆ ಹರಿಯಿತು. ಫೆರ್ರಿ ಇನ್ನೊಮ್ಮೆ ಕೂಗಿ ಹೊರಟಿತು. ಇಬ್ಬರೂ ತಲೆ ಎತ್ತಲಿಲ್ಲ. ಬಾಗಿಲ ಹೊಸ್ತಿಲವರೆಗೆ ಬಳಿದು, ಹಿಂದಕ್ಕೆ ಸರಿಯುತ್ತಾ ಹೊರಗೆ ಬಂದು ನಿಂತರು. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು, ಎಲ್ಲೂ ಒಂದು ಗೆರೆ ಇರಲಿಲ್ಲ. ಆಸ್ಗರ್ ಅದನ್ನೇ ನೋಡುತ್ತಾ ನಿಂತ. ಜೀವನದಲ್ಲಿ ತಾನು ಮುಗಿಸಿದ ಕೆಲಸ ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲವಲ್ಲ, ಪಾಪ.

ವಿಬೇಕೆ ಕೈಗವಸು ಕಳಚಿದಳು. "ಅಕ್ಕಾ, ನಿಮ್ಮನೇಲಿ ಒಂದು ಹಾಸಿಗೆ ಇದ್ಯಾ? ನೆಲ ಒಣಗೋವರೆಗೆ."

"ಒಣಗಿದ ಮೇಲೆ?" ಎಂದೆ. ಕೇಳದೆ ಇರಲಾಗಲಿಲ್ಲ.

"ಆಮೇಲೆ ಸೋಪು ಹಾಕೋದಿದೆಯಲ್ಲ," ಎಂದಳು. "ನಮ್ಮಮ್ಮ ಪ್ರತಿ ಶನಿವಾರ ಹಾಕ್ತಿದ್ಲು. ಸಾಯೋವರೆಗೂ."

ನಾನು ಕಾಫಿಗೆ ನೀರಿಡಲು ಹೋದೆ, ಮೂರು ಜನಕ್ಕೆ.