ಇಲ್ಲದ ವಾಸನೆಗೆ ತಲೆಯೆತ್ತುವ ಬ್ಯಾಟರಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಟರ್ ಅರ್ಧ ಎತ್ತಿದ ಅಂಗಡಿಯೊಳಗೆ ನಾಲ್ಕು ಚಾರ್ಜರ್‌ಗಳ ಪುಟ್ಟ ದೀಪಗಳು ಮಿನುಗುತ್ತಿವೆ. ಮರಳು ತುಂಬಿದ ತಗಡಿನ ಟ್ರೇಗಳಲ್ಲಿ, ಒಂದಕ್ಕೊಂದು ಮೊಳದಷ್ಟು ದೂರದಲ್ಲಿ, ಬೈಕುಗಳ ಲಿಥಿಯಂ ಬ್ಯಾಟರಿಗಳಿವೆ. ಅವುಗಳ ಮೇಲೆ ಕಣ್ಣು ನೆಟ್ಟು ಸ್ಟೂಲಿನ ಮೇಲೆ ಕೂತ ಹೆಂಗಸು ಇದ್ದಕ್ಕಿದ್ದಂತೆ ತಲೆಯೆತ್ತುತ್ತಾರೆ. ಕೊಳೆತ ಹಣ್ಣಿನಂಥ ಸಿಹಿ ವಾಸನೆ.

“ಅತ್ತೆ, ವಾಸ್ನೆ ಏನಾದ್ರೂ ಬಂತಾ?”

ಬಾಗಿಲ ಬಳಿ ಶಾಲು ಹೊದ್ದು ಕೂತ ಮುದುಕಿ ಎರಡು ಸಲ ಉಸಿರೆಳೆದುಕೊಂಡು “ಏನೂ ಇಲ್ಲಮ್ಮ” ಎನ್ನುತ್ತಾರೆ. ಮೂರು ನಿಮಿಷ ಕಳೆಯುವುದರೊಳಗೆ ಮತ್ತದೇ ವಾಸನೆ, ಅದೇ ಪ್ರಶ್ನೆ, ಅದೇ ಉತ್ತರ.

ಬೈಕ್ ಓಡಿಸುವವರ ಬಾಯಲ್ಲಿ ಇವರು ಬ್ಯಾಟರಿಯಕ್ಕ. ಮಾವನ ಕಾಲದಲ್ಲಿ ಇದು ಆಸಿಡ್ ಬ್ಯಾಟರಿಗಳ ಅಂಗಡಿ. ಉಟ್ಟ ಬಟ್ಟೆಯೆಲ್ಲ ತೂತು, ಬೆರಳೆಲ್ಲ ಸುಟ್ಟ ಗುರುತು. ಅಕ್ಕ ಲಿಥಿಯಂ ಬ್ಯಾಟರಿಗೆ ಕೈ ಹಾಕಿ ಈಗ ಹನ್ನೊಂದು ವರ್ಷ. ದಿನಕ್ಕೆ ಐದಾರು ಬೈಕು ಬರುತ್ತವೆ. ಲಾರಿ ಓಡಿಸುವ ಗಂಡ ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು, ಆದ್ದರಿಂದ ಅಂಗಡಿಯ ಹೊಣೆ ಇವರದೇ.

ಕೆಲಸದಲ್ಲಿ ಪಳಗಿದ ಕೈ. ಹಳೆಯದನ್ನು ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ, ಹೊಸದನ್ನು ಕೂರಿಸುವಾಗ ಅದೇ ಕೊನೆಗೆ. ಲಿಥಿಯಂ ಬ್ಯಾಟರಿ ಗಾತ್ರದಲ್ಲಿ ಚಿಕ್ಕದು, ಹಳೆಯ ಗೂಡಿನಲ್ಲಿ ಕುಲುಕಾಡದಂತೆ ಸುತ್ತ ಸ್ಪಂಜು ತುರುಕಬೇಕು. ಆಮೇಲೆ ಬೈಕ್ ಸ್ಟಾರ್ಟ್ ಮಾಡಿ ಮೀಟರ್ ಹಿಡಿಯುತ್ತಾರೆ. “ಹದಿನಾಲ್ಕೂವರೆ ವೋಲ್ಟ್ ದಾಟ್ತು ಅಂದ್ರೆ ಬೈಕೇ ಬ್ಯಾಟರೀನ ಕೊಲ್ಲತ್ತೆ. ಮೊದ್ಲು ಬೈಕಿನ ಕಾಯಿಲೆ ವಾಸಿ ಮಾಡ್ಕೊಂಡ್ಬಾ ಅಂತ ವಾಪಸ್ ಕಳಿಸ್ತೀನಿ.”

ಬ್ಯಾಟರಿಗಳ ಬಗ್ಗೆ ಮಾತಾಡುವಾಗ ಅವರ ದನಿ ತಗ್ಗುತ್ತದೆ. “ಕೆಲವು ಮೀಟರಲ್ಲಿ ಸೊನ್ನೆ ತೋರಿಸ್ತವೆ. ಜನ ಸತ್ತೋಯ್ತು ಅಂತಾರೆ. ಒಳಗೆ ಉಸಿರು ಬಿಗಿ ಹಿಡ್ಕೊಂಡು ಕೂತಿರತ್ತೆ. ಸರಿಯಾದ ಚಾರ್ಜರ್ ಹಾಕಿದ್ರೆ ಕಣ್ಣು ಬಿಡತ್ತೆ. ಎಲ್ಲವೂ ಒಳ್ಳೇ ಮನಸ್ಸಿಂದ ಕಣ್ಣು ಬಿಡಲ್ಲ, ಕೆಲವು ಉಬ್ಬಿ ಹೊಗೆ ಕಾರ್ತವೆ.” ಅದಕ್ಕೇ ಗಿರಾಕಿಗಳ ಗಲಾಟೆಯಿಲ್ಲದ ಬೆಳಗಿನ ಹೊತ್ತು ಎರಡು ಗಂಟೆ ಕಾಲ ಮಾತ್ರ ಚಾರ್ಜಿಂಗ್. ಆ ಹೊತ್ತಿನಲ್ಲಿ ಫೋನಿಲ್ಲ, ಟೀ ಇಲ್ಲ, ಬೆನ್ನು ತಿರುಗಿಸುವ ಮಾತೇ ಇಲ್ಲ.

ಕಳೆದ ವರ್ಷ ಮನೆಯವರೆಲ್ಲ ಜ್ವರ ಹಿಡಿದು ಮಲಗಿದರು. ಜ್ವರ ಬಿಟ್ಟಿತು, ಅಕ್ಕನ ಮೂಗಿಗೆ ವಾಸನೆ ಮಾತ್ರ ವಾಪಸ್ಸಾಗಲಿಲ್ಲ. ಕೆಲವು ವಾರಗಳ ನಂತರ ಒಂದೇ ಒಂದು ವಾಸನೆ ತಾನಾಗಿ ಬಂತು. ಸೋಪಿಗೂ ಅದೇ, ಅನ್ನಕ್ಕೂ ಅದೇ, ಮಗಳ ತಲೆಗೂದಲಿಗೂ ಅದೇ. ಲಿಥಿಯಂ ಬ್ಯಾಟರಿ ಸೋರಿದಾಗ ಬರುವ ಸಿಹಿ ವಾಸನೆ. ನಿಮ್ಮ ಮೂಗು ಸುಳ್ಳು ಹೇಳುತ್ತಿದೆ ಎಂದುಬಿಟ್ಟರು ಡಾಕ್ಟರು.

ಅಂಗಡಿಯ ಮೇಲೆಯೇ ಮನೆ. ಮಗಳು ಮಲಗುವುದು ಈ ಚಾರ್ಜರ್‌ಗಳ ನೆತ್ತಿಯ ಮೇಲೆ. “ನಿಜವಾದ ವಾಸ್ನೆ ಬಂದ ದಿನ ನಾನು ಸುಳ್ಳು ಅಂದ್ಕೊಂಡು ಸುಮ್ನೆ ಕೂತ್ಬಿಟ್ರೆ?” ಈ ಹೆದರಿಕೆಗೇ ಅತ್ತೆಯನ್ನು ಕರೆತಂದು ಕೂರಿಸಿದ್ದು. ಅತ್ತೆಗೆ ಕಣ್ಣು ಮಂಜು, ಆದರೆ ಒಂದು ಕಾಲಕ್ಕೆ ಯಾರ ಮನೆಯ ಹಾಲು ಸೀದಿದೆ ಎಂದು ಮೆಟ್ಟಿಲಲ್ಲೇ ನಿಂತು ಹೇಳುತ್ತಿದ್ದವರು. “ಇವಳ ಮೂಗಲ್ಲಿ ಉಳ್ದಿರೋದು ಕೋಪ ಒಂದೇ” ಎಂದು ಅತ್ತೆ ಕಿಚಾಯಿಸುತ್ತಾರೆ. ಗಿರಾಕಿಗಳಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಾದರೆ ಹೊಟ್ಟೆಪಾಡಿಗೇ ಸಂಚಕಾರ.

ಈ ಬೆಳಿಗ್ಗೆ ಮೊದಲ ಚಾರ್ಜರಿನ ದೀಪ ಹಸಿರಾಗುತ್ತದೆ. ಅಕ್ಕ ಬ್ಯಾಟರಿ ಬಿಡಿಸಲು ಎದ್ದು ತಿರುಗುತ್ತಾರೆ, ತಿರುಗಿದವರು ಹಾಗೇ ನಿಂತುಬಿಡುತ್ತಾರೆ. ಅತ್ತೆಯ ಕುರ್ಚಿಯ ಹಿಂದಿನ ಕಪಾಟಿನಲ್ಲಿ, ನಿನ್ನೆ ಸಂಜೆ ಬಂದ ಒಂದು ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದೆ. ಯಾವ ತಂತಿಯೂ ಅದಕ್ಕೆ ತಾಗಿಲ್ಲ. ಮೇಲಿನ ಬಿರುಕಿನಿಂದ ತೆಳ್ಳಗಿನ ಬಿಳಿ ಹೊಗೆ ಎದ್ದು ಅತ್ತೆಯ ಕೆನ್ನೆ ಸವರಿಕೊಂಡು ಮೂಗಿನ ಮುಂದೆಯೇ ಹಾದುಹೋಗುತ್ತಿದೆ.

“ಅತ್ತೆ,” ಅಕ್ಕ ಮೆಲ್ಲಗೆ ಕೇಳುತ್ತಾರೆ, “ವಾಸ್ನೆ?”

ಮುದುಕಿ ಆ ಹೊಗೆಯನ್ನೇ ಎರಡು ಸಲ ಒಳಗೆಳೆದುಕೊಳ್ಳುತ್ತಾರೆ. “ಏನೂ ಇಲ್ಲಮ್ಮ. ಹಾಯಾಗಿ ಕೂತ್ಕೋ.”

ಅಕ್ಕ ಕುರ್ಚಿ ಸಮೇತ ಅತ್ತೆಯನ್ನು ಬೀದಿಗೆ ಎಳೆಯುತ್ತಾರೆ. ಮೇಲೆ ಓಡಿ ಮಗಳನ್ನು ಎಬ್ಬಿಸಿ ತರುತ್ತಾರೆ. ಚಾರ್ಜರ್‌ಗಳ ಸ್ವಿಚ್ ಆರಿಸಿ, ಉದ್ದದ ಇಕ್ಕಳದಲ್ಲಿ ಬ್ಯಾಟರಿ ಎತ್ತಿ, ಅಂಗಳದ ಮರಳಿನ ಬಕೆಟ್ಟಿಗೆ ಹಾಕುತ್ತಾರೆ. ಅದು ಬುಸ್ಸೆಂದು ಹೊಗೆ ಕಾರಿ ಬಹಳ ಹೊತ್ತಿನ ಮೇಲೆ ಸುಮ್ಮನಾಗುತ್ತದೆ. ಬೈಕಿನ ಯಜಮಾನ ಮನೆಯಲ್ಲೇ ಆಸಿಡ್ ಬ್ಯಾಟರಿಯ ಹಳೇ ಚಾರ್ಜರಿಗೆ ಅದನ್ನು ದಿನವಿಡೀ ಹಾಕಿಟ್ಟಿದ್ದನಂತೆ, ಫೋನಿನಲ್ಲಿ ತೊದಲುತ್ತ ಒಪ್ಪಿಕೊಳ್ಳುತ್ತಾನೆ. ಚಾರ್ಜಿಗಿಟ್ಟವುಗಳ ಮೇಲಷ್ಟೇ ಅಕ್ಕನ ಕಣ್ಣು, ಕಪಾಟಿನ ಕಡೆ ಯಾರ ಕಾವಲೂ ಇರಲಿಲ್ಲ.

ಬೀದಿಯಲ್ಲಿ ಕೂತ ಅತ್ತೆ ತಲೆ ತಗ್ಗಿಸುತ್ತಾರೆ. “ನಂಗೂ ಆ ಜ್ವರದಲ್ಲೇ ಹೋಯ್ತು ಕಣಮ್ಮ. ನೀನು ಹೆದರ್ಕೊಂಡು ಅಂಗಡಿ ಮುಚ್ಚಿಬಿಡ್ತೀಯ ಅಂತ ಬಾಯ್ಬಿಡ್ಲಿಲ್ಲ.”

ಹನ್ನೊಂದು ತಿಂಗಳು, ಪ್ರತಿ ಬೆಳಿಗ್ಗೆ, ಇಬ್ಬರು ಹೆಂಗಸರು ಕಾವಲು ಕೂತಿದ್ದಾರೆ, ಇಬ್ಬರ ನಡುವೆ ಒಂದು ಮೂಗೂ ಇಲ್ಲದೆ. ಅಕ್ಕ ಅತ್ತೆಯನ್ನು ಬೈಯುವುದಿಲ್ಲ. ಅವರ ಶಾಲು ಸರಿಮಾಡಿ ಪಕ್ಕದಲ್ಲೇ ಕೂರುತ್ತಾರೆ.

ಇದನ್ನೆಲ್ಲ ಕೇಳಿ ಬರೆದುಕೊಳ್ಳಲು ಆಮೇಲೆ ಬಂದ ನಾನು, ಈ ಭಾಗವನ್ನು ಬರೆಯದೆ ಬಿಡಬಹುದು ಎಂದರೆ ಅಕ್ಕ ಬೇಡ ಎನ್ನುತ್ತಾರೆ. “ಬರೀರಿ. ಗೊತ್ತಿದ್ದೂ ಬರೋರು ಬರ್ಲಿ. ಮೂಗು ನೆಟ್ಟಗಿರೋರು ಒಬ್ರು ಬೆಳಗ್ಗೆ ಎರಡು ಗಂಟೆ ಹೊತ್ತು ನಮ್ಜೊತೆ ಕೂತ್ರೆ ಸಾಕು, ಕೆಲಸ ನಾನೇ ಕಲಿಸ್ತೀನಿ.” ಅಂಗಡಿಯ ಕತ್ತಲಿನತ್ತ ಮುಖ ತಿರುಗಿಸುತ್ತಾರೆ. “ಈಗ್ಲೂ ಬರ್ತಿದೆ ಆ ವಾಸ್ನೆ. ಬರ್ಲಿ. ಇನ್ಮೇಲೆ ಅದು ನಿಜಾನೋ ಸುಳ್ಳೋ ಅಂತ ಯಾರನ್ನೂ ಕೇಳಲ್ಲ. ಬಂದಾಗೆಲ್ಲ ಎದ್ದು ಒಂದೊಂದನ್ನೂ ನೋಡ್ಕೊಂಡು ಬರ್ತೀನಿ.”