ಕನ್ನಡಕವಿಲ್ಲದೆ ಓದಿದ ಡಬ್ಬಿ

ಟಪ್ ಟಪ್, ಟಪ್ ಟಪ್. ಮೂಡಲಗಿಗೆ ಬಂದು ನೆಲೆಸಿದ ಮೇಲೆ ನನಗೆ ಅಲಾರ್ಮ್ ಬೇಕಾಗಲಿಲ್ಲ. ಗೋಡೆಯಾಚೆ ಬಾಜೂ ಮನೆಯಾಕೆ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ಎಚ್ಚರವಾಗುತ್ತಿತ್ತು. ಆಮೇಲೆ ಅವಳು ರೊಟ್ಟಿ ಬುಟ್ಟಿ ಹೊತ್ತು ಬಸ್ಸಿನಲ್ಲಿ ಅರಭಾವಿಗೆ ಹೋಗಿ, ಖಾನಾವಳಿಗಳಿಗೆ ಕೊಟ್ಟು, ಸುಡುವ ಮಧ್ಯಾಹ್ನದಲ್ಲಿ ಮರಳುತ್ತಿದ್ದಳು. ಒಲೆಯ ಕಾವು, ಮೇಲಿನ ಬಿಸಿಲು ಎರಡೂ ಕೂಡಿ ಕೆನ್ನೆಗಳ ಮೇಲೆ ಬಂಗು ಎದ್ದಿತ್ತು. ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆ.

ಅದರ ಬಗ್ಗೆ ಅವಳು ಎಂದೂ ಮಾತಾಡಿದವಳಲ್ಲ. ಮಗಳ ಸೀಮಂತದ, ಇಲ್ಲಿಯವರ ಕುಬಸದ, ಫೋಟೋ ಬಂದಾಗ ಮಾತ್ರ ನನ್ನ ಮುಂದೆ ಹಿಡಿದಳು. ಬಸುರಿ ಮಗಳ ಪಕ್ಕದಲ್ಲಿ ಒಂದು ಹಸಿರು ಸೆರಗು ನಿಂತಿತ್ತು, ಮುಖವಿರಲಿಲ್ಲ.

"ಮಂದಿ ನೋಡತಾರಂತ ಮಾರಿ ಮುಚ್ಚಗೊಂಡೆ ಅಕ್ಕೋರ. ತೊಟ್ಟಿಲದಾಗರ ಮಾರಿ ತೆಗದ ನಿಂದರಬೇಕು. ನಾಳೆ ಕೂಸು ದೊಡ್ಡದಾಗಿ, ನಮ್ಮ ಆಯಿ ಎಲ್ಲಿ ಅಂತ ಕೇಳಿದ್ರ ಸೆರಗ ತೋರಸೂದೇನು?"

ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಅವಳು ಗೋಕಾಕದ ಸಂತೆಯಿಂದ ಒಂದು ಡಬ್ಬಿ ತಂದು ನನ್ನ ಕೈಗಿಟ್ಟಳು. ನಾನು ಕಾನ್ವೆಂಟಿನಲ್ಲಿ ಕಲಿತವಳು, ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದವಳು. ಓಣಿಯ ಔಷಧಿ ಚೀಟಿಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಆದರೆ ಕನ್ನಡಕ ಹಾಕಿದರೆ ಮುದುಕಿಯಂತೆ ಕಾಣುತ್ತೇನೆಂಬ ವ್ಯಾನಿಟಿ ಎಪ್ಪತ್ತು ದಾಟಿದರೂ ನನ್ನನ್ನು ಬಿಟ್ಟಿರಲಿಲ್ಲ. ಡಬ್ಬಿಯನ್ನು ದೂರಕ್ಕೆ ಹಿಡಿದು, ದಪ್ಪಕ್ಷರದ 'ವೈಟನಿಂಗ್ ಬ್ಯೂಟಿ' ಓದಿ, "ಇಟ್ಸ್ ಫೈನ್, ಹಚ್ಕೋವಾ" ಅಂದುಬಿಟ್ಟೆ.

ಎರಡು ವಾರದಲ್ಲಿ ಮುಖ ಬೆಳ್ಳಗೆ ಹೊಳೆಯಿತು. ಓಣಿಯ ಹೆಂಗಸರು ಆ ಡಬ್ಬಿಯ ಗುರುತು ಕೇಳತೊಡಗಿದರು. ನನಗೂ ಒಳಗೊಳಗೆ ಜಂಬ. ಮೂರನೆಯ ವಾರ ಒಂದು ಬೆಳಿಗ್ಗೆ ಟಪ್ ಟಪ್ ಕೇಳಲಿಲ್ಲ. ಹೋಗಿ ನೋಡಿದರೆ ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಕೆನ್ನೆ ಕೆಂಪಗೆ ಉರಿಯುತ್ತಿತ್ತು, ಒಲೆಯ ಹತ್ತಿರ ಸುಳಿಯಲಾಗುತ್ತಿರಲಿಲ್ಲ. ಅಂದು ಕನ್ನಡಕ ಹಾಕಿ ಡಬ್ಬಿ ತಿರುಗಿಸಿದೆ. ಮಾಡಿದವರ ಹೆಸರಿಲ್ಲ, ಏನು ಹಾಕಿದ್ದಾರೆಂದಿಲ್ಲ, ತಾರೀಖಿಲ್ಲ. ನಾನು ಓದಿದ್ದ ಎರಡು ಪದ ಬಿಟ್ಟರೆ ಅದರ ಮೇಲೆ ಓದಲು ಏನೂ ಇರಲಿಲ್ಲ.

ಗೋಕಾಕದ ಚರ್ಮದ ಡಾಕ್ಟರ್ ನನ್ನ ಕಡೆಯ ಬ್ಯಾಚಿನ ಹುಡುಗಿಯರ ವಯಸ್ಸಿನವಳು. ಡಬ್ಬಿಯನ್ನು ಸುತ್ತಲೂ ನೋಡಿ ಬದಿಗಿಟ್ಟಳು.

"ಇಂಥಾದ್ರಾಗ ಪಾದರಸ ಇರಬಹುದು, ಸ್ಟೆರಾಯ್ಡ್ ಇರಬಹುದು. ಮೊದಲ ಬೆಳ್ಳಗ ಮಾಡತಾವು, ಆಮ್ಯಾಲ ಚರ್ಮ ತೆಳ್ಳಗ ಮಾಡತಾವು. ಬಿಟ್ಟ ಮ್ಯಾಲೂ ಒಂದಿಷ್ಟ ದಿನ ಉರೀಬಹುದು, ಅಂಜಿ ಮತ್ತ ಹಚ್ಚಬ್ಯಾಡ್ರಿ. ಇದನ್ನ ಹಚ್ಚರಿ ಅಂತ ಯಾರ ಹೇಳಿದ್ರು?"

"ಅಂಗಡಿಯಾಂವ ಹೇಳ್ಯಾನ್ರಿ" ಎಂದಳು ನನ್ನ ಗೆಳತಿ, ನನ್ನ ಕಡೆ ನೋಡದೆ.

"ನಾನೇ, ಡಾಕ್ಟರ್" ಎಂದೆ.

ಉರಿ ಪೂರ್ತಿ ಆರುವವರೆಗೆ ಸಾದಾ ಕ್ರೀಮ್ ಮಾತ್ರ. ಆಮೇಲೆ ಮತ್ತೆ ಹೋದಾಗ ಡಾಕ್ಟರ್ ಕಲೆಗೆ ಹಚ್ಚುವ ಟ್ಯೂಬ್ ಬರೆದುಕೊಟ್ಟಳು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಮೂರು ದಿನ ಕಾಯಬೇಕು. ತುರಿಕೆ, ಉರಿ ಇಲ್ಲದಿದ್ದರೆ ಮಲಗುವ ಮುಂದೆ ಕಲೆಯ ಮೇಲಷ್ಟೇ, ಜೋಳದ ಕಾಳಿನಷ್ಟು. ಹೇಳಿದ ದಿನ ಮುಗಿದರೆ ನಿಲ್ಲಿಸಿ ತೋರಿಸಬೇಕು. ಹಗಲಿಗೆ ಸನ್‌ಸ್ಕ್ರೀನ್. ಕಡೆಯದಕ್ಕೆ ನಮ್ಮವಳು ಒಪ್ಪಲಿಲ್ಲ.

"ರೊಟ್ಟಿ ಮಾರಾಕಿ ಮಾರಿಗೆ ಬೆಣ್ಣಿ ಬಳಕೊಂಡ ಅಡ್ಡಾಡಿದ್ರ ಮಂದಿ ನಗತಾರ್ರಿ."

ಡಾಕ್ಟರ್ ಹತ್ತಿಯಿಂದ ಅವಳ ಹಣೆಯ ವಿಭೂತಿ ಒರೆಸಿ ಕನ್ನಡಿ ಹಿಡಿದಳು. ಕಪ್ಪಿಟ್ಟ ಹಣೆಯಲ್ಲಿ ಮೂರು ಪಟ್ಟಿ ತಿಳಿ ಬಣ್ಣ.

"ಚಿಕ್ಕಂದಿನಿಂದ ದಿನಾ ಹಚ್ಚೀರಿ ನೋಡ್ರಿ. ಬೂದಿ ಇದ್ದಲ್ಲಿ ಬಿಸಲ ಅಷ್ಟ ತಾಗಿಲ್ಲ."

ಅವಳು ಕನ್ನಡಿ ನೋಡುತ್ತ ಆ ಪಟ್ಟಿಗಳ ಮೇಲೆ ಬೆರಳಾಡಿಸಿದಳು. "ಹಂಗಾರ ಈ ಬಿಸಲಿನ ಕ್ರೀಮ ಮಾರಿ ತುಂಬ ಹಚ್ಚೂ ಇಬತ್ತಿ ಅನ್ರಿ. ಮೊದಲ ಹೇಳಬಾರದೇನ್ರಿ ಯವ್ವಾ?"

ಅಂದಿನಿಂದ ಬೆಳಿಗ್ಗೆ ಲಿಂಗಪೂಜೆಗೆ ಒಂದು ಇಬತ್ತಿ, ಬಸ್ಸಿಗೆ ಹೊರಡುವ ಮುಂದೆ ಇನ್ನೊಂದು. ಕೈಯಲ್ಲಿ ನನ್ನ ಹಳೆಯ ಕರಿ ಛತ್ರಿ. ನನಗೂ ಶಿಕ್ಷೆಯಾಯಿತು: ಓಣಿಯಲ್ಲಿ ಯಾರು ಏನು ಓದಿಸಲು ಬಂದರೂ, "ಮೊದಲ ಚಾಳೀಸ ಹಾಕೋರಿ ಅಕ್ಕೋರ" ಎಂದು ಅವಳು ಗೋಡೆಯಾಚೆಯಿಂದ ಕೂಗಿ ಕನ್ನಡಕ ನೆನಪಿಸುವಳು.

ತೊಟ್ಟಿಲಿನ ಹೊತ್ತಿಗೆ ಬಂಗು ಪೂರ್ತಿ ಹೋಗಿರಲಿಲ್ಲ, ಗೊತ್ತಿದ್ದವರಿಗಷ್ಟೇ ಕಾಣುವಂತಿತ್ತು. ಮೊಮ್ಮಗಳನ್ನು ಎದೆಗೊತ್ತಿಕೊಂಡು, ಸೆರಗನ್ನು ಹೆಗಲಿಗಿಳಿಸಿ ನಿಂತಳು. ಫೋಟೋದವನು ಕ್ಯಾಮೆರಾ ನೋಡಿ, "ಅಮ್ಮಾರ, ಕಂಪ್ಯೂಟರಿನ್ಯಾಗ ಒಂದೀಟ ಬೆಳ್ಳಗ ಮಾಡ್ಲೇನ್ರಿ?" ಎಂದ.

"ಮುಟ್ಟಬ್ಯಾಡಪಾ. ನಾಕ ತಿಂಗಳ ದುಡದ ಗಳಿಸಿದ ಬಣ್ಣ ಐತಿ ಇದು."

ಮನೆ ತುಂಬ ನಗು. ಕೂಸು ಮಾತ್ರ ಬೆಚ್ಚಿ ಅತ್ತಿತು. ಫೋಟೋದಲ್ಲಿ ಹಾಗೇ ಬಂದಿದೆ, ಅಳುವ ಕೂಸು, ನಗುವ ಆಯಿ.

ಬಾಣಂತನ ಮುಗಿದು ಮಗಳು ಹುಕ್ಕೇರಿಯ ತನ್ನ ಮನೆಗೆ ಹೊರಟಾಗ, ಕೂಸು ನೋಡಿಕೊಳ್ಳಲು ಇವಳೂ ಹೊರಟಳು. ಹಂಚನ್ನೂ ಹೊತ್ತುಕೊಂಡಿದ್ದಳು, ಹುಕ್ಕೇರಿಯಲ್ಲೂ ಮಂದಿ ರೊಟ್ಟಿ ತಿನ್ನುತ್ತಾರಲ್ಲ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಿ. ಕಿಟಕಿಗೆ ಕೂತು, ಬಿಸಿಲು ಬೀಳುವ ಕೆನ್ನೆಗೆ ಇನ್ನೊಮ್ಮೆ ಸನ್‌ಸ್ಕ್ರೀನ್ ಸವರಿಕೊಂಡು ನನ್ನತ್ತ ಮುಖ ಚಾಚಿದಳು.

"ಸರಿ ಹಚ್ಚೇನೋ ಇಲ್ಲೋ ನೋಡ್ರಿ. ಚಾಳೀಸ ಹಾಕ್ಕೊಂಡ ನೋಡ್ರಿ ಮತ್ತ."

ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಮೂಗಿನ ಪಕ್ಕ ಒಂದು ಚೂರು ಬಿಳಿ ಉಳಿದಿತ್ತು. ಅದನ್ನು ಹೇಳುವಷ್ಟರಲ್ಲಿ ಬಸ್ಸು ಹೊರಟಿತು.